ತೋಳಿನ ಕಲೆ ಯಾರ ಸೊತ್ತು?



ನಮ್ಮ ಹಿರಿಯರಲ್ಲಿ ಅನೇಕರ ತೋಳಿನ ಮೇಲೆ ತಗ್ಗಾದ ಒಂದು ಕಲೆ ಉಂಟು. ಅದು ಸಿಡುಬು ಬಾರದಂತೆ ಚಿಕ್ಕಂದಿನಲ್ಲಿ ದೇವಿ ಹಾಕಿಸಿದ್ದರ ಗುರುತು. ಚುಚ್ಚಿಸಿಕೊಂಡ ನೋವು ಅವರದು, ಜ್ವರ ಅವರದು, ಉಳಿದ ಕಲೆಯೂ ಅವರದೇ. ಹಾಗಾದರೆ ಅದರ ಲಾಭವೂ ಅವರೊಬ್ಬರದೇ ಆಗಿತ್ತೋ? "ಮೈ ನನ್ನದು, ಹಾಕಿಸದಿದ್ದರೆ ನಷ್ಟವೂ ನನ್ನದೇ, ಇದರಲ್ಲಿ ನೆರೆಯವನಿಗೇನು?" ಎಂದು ಹೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಈ ಮಾತನ್ನು ತೂಗಿ ನೋಡಬೇಕಾದರೆ ದೇವಿ ಹಾಕಿದ ಮೇಲೆ ಶರೀರದೊಳಗೆ ಏನು ನಡೆಯುತ್ತದೆಂಬದನ್ನು ಮೊದಲು ತಿಳಿಯಬೇಕು.

ದೇವಿ ಹಾಕುವಾಗ ಮೈಯಲ್ಲಿ ಸೇರಿಸುವದು ಸಿಡುಬಿನ ವೈರಸನ್ನಲ್ಲ, ಅದರ ದಾಯಾದಿಯಾದ ವ್ಯಾಕ್ಸೀನಿಯ ಎಂಬ ಬೇರೊಂದು ಸಜೀವ ವೈರಸನ್ನು. ಅದು ಚುಚ್ಚಿದ ಸ್ಥಳದಲ್ಲಿಯೇ ಬೆಳೆಯತೊಡಗುತ್ತದೆ. ಚರ್ಮದಲ್ಲಿರುವ ಕಾವಲು ಕಣಗಳು ಅದನ್ನು ಕಂಡು, ಅದರ ಚೂರುಗಳನ್ನು ಕಂಕುಳಿನ ಗ್ರಂಥಿಗಳಿಗೆ ಒಯ್ಯುತ್ತವೆ. ಆದಕಾರಣವೇ ಕಂಕುಳಲ್ಲಿ ಗಡ್ಡೆ ಕಟ್ಟುವದುಂಟು. ಅಲ್ಲಿ ಅಸಂಖ್ಯಾತ ಬಿಳಿಯ ರಕ್ತಕಣಗಳಿವೆ. ಒಂದೊಂದು ಕಣಕ್ಕೆ ಒಂದೊಂದು ಆಕಾರದ ಗುರುತು ಮಾತ್ರ ಗೊತ್ತು. ಬಂದ ಚೂರಿಗೆ ಹೊಂದುವ ಕೆಲವೇ ಕಣಗಳು ಎಚ್ಚತ್ತು, ಒಂದು ಸಾವಿರವಾಗಿ ಹೆಚ್ಚುತ್ತವೆ. ಅವುಗಳಲ್ಲಿ ಟಿ ಕಣಗಳೆಂಬವು ವೈರಸ್ ಅಡಗಿರುವ ಜೀವಕಣಗಳನ್ನು ಹುಡುಕಿ ಕೊಲ್ಲುತ್ತವೆ. ಬಿ ಕಣಗಳೆಂಬವು ಪ್ರತಿಕಾಯಗಳೆಂಬ ವಸ್ತುವನ್ನು ಹುಟ್ಟಿಸುತ್ತವೆ. ಪ್ರತಿಕಾಯಗಳು ವೈರಸಿಗೆ ಅಂಟಿಕೊಂಡು ಅದು ಜೀವಕಣಗಳೊಳಗೆ ಹೊಗದಂತೆ ತಡೆಯುತ್ತವೆ. ಹೊರಗೆ ಮೂರು ನಾಲ್ಕು ದಿನಗಳಲ್ಲಿ ಗುಳ್ಳೆ ಏಳುವದು, ಎಂಟು ಹತ್ತು ದಿನಗಳಲ್ಲಿ ಕೀವು ತುಂಬುವದು, ಮೂರನೆಯ ವಾರದಲ್ಲಿ ಹಕ್ಕಳೆ ಉದುರುವದು.

ಕಾಳಗ ಮುಗಿದ ಮೇಲೆ ಆ ಕಣಗಳಲ್ಲಿ ಹೆಚ್ಚಿನವು ಸಾಯುತ್ತವೆ. ಕೆಲವು ಮಾತ್ರ ನೆನಪಿನ ಕಣಗಳಾಗಿ ಉಳಿಯುತ್ತವೆ. ದಾಯಾದಿಗಳ ಮುಖ ಒಂದೇ ತೆರನಾದದರಿಂದ, ಮುಂದೆ ಸಿಡುಬೇ ಬಂದರೂ ಅವು ಗುರುತು ಹಿಡಿದು ಬೇಗನೆ ಏಳುತ್ತವೆ. ಐವತ್ತು ವರುಷಗಳ ತರುವಾಯವೂ ಇಂಥ ಕಣಗಳು ರಕ್ತದಲ್ಲಿ ಕಂಡುಬಂದಿವೆ. ಆದರೂ ರಕ್ಷಣೆಯು ಕಾಲಕ್ರಮದಲ್ಲಿ ಕುಂದುವದರಿಂದ ಮತ್ತೆ ಮತ್ತೆ ದೇವಿ ಹಾಕುತ್ತಿದ್ದರು.

ಈ ನೆನಪನ್ನು ಯಾರೂ ಯಾರಿಗೂ ಸಾಲ ಕೊಡಲಾರರು. ತಂದೆಯು ಹೊಲವನ್ನು ಮಗನಿಗೆ ಬಿಟ್ಟುಹೋಗಬಹುದು, ಇದನ್ನು ಬಿಡಲಾರನು. ತಾಯಿಯ ಪ್ರತಿಕಾಯಗಳು ಗರ್ಭದಲ್ಲಿಯೇ ಕೂಸಿಗೆ ಬಂದರೂ ಕೆಲವು ತಿಂಗಳುಗಳಲ್ಲಿ ಕರಗಿಹೋಗುತ್ತವೆ. ಪ್ರತಿಯೊಂದು ಶರೀರವೂ ತಾನೇ ಕಲಿಯಬೇಕು. ಇಷ್ಟರ ಮಟ್ಟಿಗೆ "ಮೈ ನನ್ನದು" ಎಂಬವನ ಮಾತು ಸತ್ಯವೇ.

ಆದರೆ ಆ ಕಲಿಕೆಯ ಫಲವನ್ನು ತನ್ನಲ್ಲಿಯೇ ಇಟ್ಟುಕೊಳ್ಳಲು ಯಾವನಿಂದಲೂ ಆಗದು. ಯಾಕಂದರೆ ಸಿಡುಬಿನ ವೈರಸಿಗೆ ಮನುಷ್ಯನ ಹೊರತು ಬೇರೆ ಮನೆ ಇರಲಿಲ್ಲ. ದನಕರುಗಳಲ್ಲಿಯಾಗಲಿ ಪಕ್ಷಿಗಳಲ್ಲಿಯಾಗಲಿ ಅದು ನೆಲೆಸುತ್ತಿರಲಿಲ್ಲ. ಒಬ್ಬನು ಗುಣವಾಗುವ ಇಲ್ಲವೆ ಸಾಯುವ ಮೊದಲು ಅದಕ್ಕೆ ಮತ್ತೊಬ್ಬನು ಸಿಕ್ಕಲೇಬೇಕಾಗಿತ್ತು. ಆ ಮತ್ತೊಬ್ಬನು ತೋಳಿನಲ್ಲಿ ಕಲೆಯುಳ್ಳವನಾದರೆ ದಾರಿ ಅಲ್ಲಿಗೆ ಮುಚ್ಚಿತು. ಅವನ ಹಿಂದೆ ಇನ್ನೂ ದೇವಿ ಹಾಕಿಸದ ಎಳೆಗೂಸು ಇತ್ತು. ಇಸಬು ರೋಗದವರೂ ರೋಗನಿರೋಧಕ ಶಕ್ತಿ ಇಲ್ಲದವರೂ ಇದ್ದರು. ಇಂಥವರಿಗೆ ಆ ಲಸಿಕೆಯೇ ಅಪಾಯಕರವಾಗಿತ್ತು. ಅವರಿಗೆ ನೆರೆಯವರ ತೋಳುಗಳೇ ಬೇಲಿ.

ಸೋಮಾಲಿಯ ದೇಶದ ಮೆರ್ಕಾ ಪಟ್ಟಣದಲ್ಲಿ ಅಲಿ ಮಾವೋ ಮಾಲಿನ್ ಎಂಬ ತರುಣನು ಆಸ್ಪತ್ರೆಯ ಅಡಿಗೆಯವನಾಗಿದ್ದನು. ನೋವಿನ ಭಯದಿಂದ ಅವನು ಲಸಿಕೆಯನ್ನು ತಪ್ಪಿಸಿಕೊಂಡಿದ್ದನು. 1977ರ ಅಕ್ಟೋಬರದಲ್ಲಿ ಸಿಡುಬು ತಗಲಿದ ಮಕ್ಕಳಿದ್ದ ಗಾಡಿಯಲ್ಲಿ ದಾರಿ ತೋರಿಸುತ್ತಾ ಕೆಲವು ನಿಮಿಷ ಹೋದನು. ಅಷ್ಟಕ್ಕೇ ರೋಗ ಅಂಟಿತು. ಆದರೆ ಅವನಿಂದ ಇನ್ನೊಬ್ಬರಿಗೆ ಅಂಟಲಿಲ್ಲ. ಅವನ ಸುತ್ತಲಿನವರಲ್ಲಿ ಹೆಚ್ಚಿನವರು ಮೊದಲೇ ಲಸಿಕೆ ಪಡೆದಿದ್ದರು. ಉಳಿದವರಿಗೆ ಕೂಡಲೆ ಹಾಕಿದರು. ಲೋಕದಲ್ಲಿ ಸಹಜವಾಗಿ ಸಿಡುಬು ಬಂದವರಲ್ಲಿ ಅವನೇ ಕಡೆಯವನು. ಬದುಕಿ ಉಳಿದ ಅವನು ಮುಂದೆ ಪೋಲಿಯೋ ಲಸಿಕೆಯ ಕೆಲಸಕ್ಕೆ ಸೇರಿ, ತನ್ನ ಕಥೆಯನ್ನೇ ಹೇಳಿ ತಾಯ್ತಂದೆಗಳನ್ನು ಒಡಂಬಡಿಸಿದನು.

ಭಯಪಟ್ಟವನನ್ನು ಹಳಿಯುವದಕ್ಕೆ ಇದನ್ನು ಬರೆಯಲಿಲ್ಲ. ಆ ಲಸಿಕೆಯು ಪೂರಾ ನಿರಪಾಯವಾಗಿರಲಿಲ್ಲ. ಮೊದಲ ಸಲ ಹಾಕಿಸಿದ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರು ಸತ್ತದ್ದುಂಟು. ಘೋರ ಸಿಡುಬಿನಿಂದಲೋ ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಮೂವರು ಸಾಯುತ್ತಿದ್ದರು. ಆದದರಿಂದ ಲಸಿಕೆ ಹಾಕುವವರು ಸತ್ಯವನ್ನು ಮುಚ್ಚದೆ ಹೇಳಬೇಕು, ತಾಳಲಾರದವರನ್ನು ಗುರುತಿಸಿ ಬಿಡಬೇಕು. ಆದರೆ ತಾಳಬಲ್ಲವನು ಲೆಕ್ಕ ಮಾಡುವಾಗ ತನ್ನ ನೋವು ಒಂದನ್ನೇ ತಕ್ಕಡಿಗೆ ಹಾಕಿದರೆ ಆ ಲೆಕ್ಕವು ನ್ಯಾಯವಾದೀತೋ?

1980ರ ಮೇ 8ರಂದು ಸಿಡುಬು ನಿರ್ಮೂಲವಾಯಿತೆಂದು ಲೋಕದ ರಾಷ್ಟ್ರಗಳು ಆರೋಗ್ಯ ಸಭೆಯಲ್ಲಿ ಸಾರಿದವು. ಇಂದಿನ ಮಕ್ಕಳಿಗೆ ಆ ಲಸಿಕೆ ಹಾಕುವದಿಲ್ಲ. ಅವರ ಶರೀರಕ್ಕೆ ಸಿಡುಬಿನ ನೆನಪೂ ಇಲ್ಲ. ಕಲಿಯದೆಯೇ ಅವರು ಕ್ಷೇಮವಾಗಿದ್ದಾರೆ, ಯಾಕಂದರೆ ಅವರ ಪರವಾಗಿ ಬೇರೆ ತೋಳುಗಳು ಕಲಿತವು. ಆ ಉಪಕಾರವನ್ನು ಮಾಡಿದವರಿಗೆ ಹಿಂದೆ ಸಲ್ಲಿಸಲಾರೆವು. ಆದರೆ ದಡಾರ, ಪೋಲಿಯೋ ಮುಂತಾದ ರೋಗಗಳು ಇನ್ನೂ ಲೋಕವನ್ನು ಬಿಟ್ಟಿಲ್ಲ. ಪ್ರಿಯರೇ, ನಮ್ಮ ಮಕ್ಕಳಿಗೆ ಅವುಗಳ ಲಸಿಕೆಯನ್ನು ಹಾಕಿಸುವಾಗ, ನಾವು ಹೆಸರನ್ನೂ ಅರಿಯದ ಯಾವದೋ ಮನೆಯ ಕೂಸನ್ನು ನೆನೆಯೋಣ; ಅದಕ್ಕೂ ಅದರಲ್ಲಿ ಪಾಲು ಉಂಟು.