ಹಾಸಿಗೆ ಅಳೆಯುವ ವಿದ್ಯೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು.’

ಈ ಗಾದೆ ಕಿವಿಗೆ ಬೀಳದೆ ಬೆಳೆದವರು ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ. ಮಗಳ ಮದುವೆಗೆ ಲೆಕ್ಕ ಹಾಕುವಾಗ, ಹೊಸ ಟ್ರ್ಯಾಕ್ಟರಿಗೆ ಕೈ ಹಾಕುವಾಗ, ಮನೆಗೆ ಆರ್‌ಸಿಸಿ ಹಾಕಿಸುವಾಗ ಹಿರಿಯರ ಬಾಯಲ್ಲಿ ಮೊದಲು ಬರುವ ಮಾತು ಇದೇ. ಈಗ ಇದನ್ನು ಹೊಸದೊಂದು ಪ್ರಶ್ನೆಯ ಮುಂದಿಟ್ಟು ನೋಡುವ ಕಾಲ ಬಂದಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಶಿಕ್ಷಕರಿಗೆ, ನರ್ಸುಗಳಿಗೆ, ಅಂಗಡಿಕಾರರಿಗೆ, ರೈತರ ಓದಿದ ಮಕ್ಕಳಿಗೆ ಫೋನು ಬರುತ್ತದೆ: ‘ಕ್ಯಾಶ್‌ಬ್ಯಾಕ್ ಕ್ರೆಡಿಟ್ ಕಾರ್ಡ್ ಮಾಡಿಸಿಕೊಳ್ಳಿ, ಖರ್ಚು ಮಾಡಿದ ರೊಕ್ಕದಲ್ಲಿ ಒಂದಿಷ್ಟು ವಾಪಸ್ ಬರುತ್ತದೆ.’ ಅರ್ಜಿ ಹಾಕಬೇಕೋ ಬೇಡವೋ? ಗಾದೆಯ ನಾಲ್ಕು ಪದಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಉತ್ತರ ಸಿಗುತ್ತದೆ.

ಮೊದಲನೆಯದು ಹಾಸಿಗೆ. ಕಾರ್ಡು ಕೈಗೆ ಬಂದಾಗ ಅದರ ಜೊತೆ ಒಂದು ಮಿತಿ ಬರುತ್ತದೆ: ಐವತ್ತು ಸಾವಿರ, ಒಂದು ಲಕ್ಷ. ಮೊಬೈಲಿನಲ್ಲಿ ಆ ಅಂಕಿ ಕಂಡ ಕೂಡಲೇ ಅಷ್ಟು ಹಣ ನಮ್ಮದೇ ಎಂದು ಮನಸ್ಸಿಗೆ ಅನಿಸಿಬಿಡುತ್ತದೆ. ಎಲ್ಲ ತಪ್ಪುಗಳೂ ಹುಟ್ಟುವುದು ಇಲ್ಲಿ. ಆ ಮಿತಿ ಬ್ಯಾಂಕು ನಮಗೆ ಕೊಡಲು ಒಪ್ಪಿದ ಸಾಲದ ಅಳತೆಯೇ ಹೊರತು ನಮ್ಮ ಹಾಸಿಗೆಯ ಅಳತೆಯಲ್ಲ. ಬಿಲ್ಲು ಕಟ್ಟುವ ಕೊನೆಯ ದಿನ ನಮ್ಮ ಖಾತೆಯಲ್ಲಿ ಖಂಡಿತ ಇರುವ ಹಣ, ಅದರಲ್ಲೂ ಮನೆಯ ರೇಷನ್ನು, ಮಕ್ಕಳ ಫೀಸು, ಔಷಧಿ, ಇದ್ದ ಸಾಲದ ಕಂತು ಎಲ್ಲ ಕಳೆದು ಉಳಿಯುವ ಹಣ, ಅದು ನಮ್ಮ ಹಾಸಿಗೆ. ಒಂದು ಲಕ್ಷದ ಮಿತಿ ಇರುವವರ ನಿಜವಾದ ಹಾಸಿಗೆ ಎಂಟು ಸಾವಿರದ್ದಾಗಿರಬಹುದು.

ನಮ್ಮ ಜಿಲ್ಲೆಯ ಹಾಸಿಗೆಯಂತೂ ಒಂದೇ ಅಳತೆಯದ್ದಲ್ಲ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳಿಂದ ಕೊಪ್ಪಳ ಜಿಲ್ಲೆ ಆಯಿತು. ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ಅಕ್ಕಿ ಗಿರಣಿ. ಕುಷ್ಟಗಿ, ಯಲಬುರ್ಗಾದ ಕಡೆ ಮಳೆ ನಂಬಿದ ಎರೆ ಮತ್ತು ಮಸಾರಿ ಹೊಲ: ಹೆಸರು, ಸಜ್ಜೆ, ಶೇಂಗಾ, ಹಿಂಗಾರಿಗೆ ಜೋಳ, ಕಡಲೆ. ನೀರಾವರಿ ಇದ್ದರೂ ಭಯ ತಪ್ಪಿದ್ದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ತುಂಬಿದ ಜಲಾಶಯ ಕಣ್ಣೆದುರೇ ಬರಿದಾಗುತ್ತಿತ್ತು. ಕಾಲುವೆಯ ಕೊನೆಯ ಭಾಗದ ರೈತರು ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂದು ದಿನ ಎಣಿಸಿದರು. ಇಂಥ ನೆಲದಲ್ಲಿ ಬದುಕುವವರಿಗೆ ಗಾದೆಯ ಎರಡನೆಯ ಪದ ಬಹಳ ಮುಖ್ಯ.

ಇದ್ದಷ್ಟು. ಬರುವಷ್ಟು ಎಂದು ಗಾದೆ ಹೇಳಲಿಲ್ಲ, ಆಗಬಹುದಾದಷ್ಟು ಎಂದೂ ಹೇಳಲಿಲ್ಲ. ಹೊಲದಲ್ಲಿ ನಿಂತ ಪೈರು ಇನ್ನೂ ಹಾಸಿಗೆಯಲ್ಲ. ರಾಶಿ ಮಾಡಿ, ಎಪಿಎಂಸಿಯಲ್ಲಿ ತೂಕವಾಗಿ, ದಲಾಲರ ಪಟ್ಟಿ ಕೈಗೆ ಬಂದು, ಕೊಡಬೇಕಾದವರಿಗೆಲ್ಲ ಕೊಟ್ಟ ಮೇಲೆ ಉಳಿದದ್ದು ಹಾಸಿಗೆ. ಕ್ರೆಡಿಟ್ ಕಾರ್ಡು ಬಡ್ಡಿಯಿಲ್ಲದೆ ಕೊಡುವ ಅವಧಿ ಹೆಚ್ಚೆಂದರೆ ನಲವತ್ತೈದು, ಐವತ್ತು ದಿನ. ನಾಟಿ ಮಾಡಿದ ಭತ್ತ ಕೊಯ್ಲಿಗೆ ಬರಲು ನಾಲ್ಕು ತಿಂಗಳು ಬೇಕು. ಗೊಬ್ಬರಕ್ಕೆಂದು ಜುಲೈನಲ್ಲಿ ಕಾರ್ಡು ಉಜ್ಜಿದವರ ಬಿಲ್ಲು ಸೆಪ್ಟೆಂಬರಿನಷ್ಟೊತ್ತಿಗೆ ತೀರಿರಬೇಕು. ರೊಕ್ಕ ಕೈಗೆ ಬರುವುದು ಡಿಸೆಂಬರಿನಲ್ಲಿ. ನಡುವಿನ ತಿಂಗಳುಗಳಿಗೆಲ್ಲ ಬಡ್ಡಿ. ಆದ್ದರಿಂದ ಸುಗ್ಗಿಯ ಆದಾಯ ನಂಬಿದ ಮನೆಗೆ ತಿಂಗಳ ಬಿಲ್ಲಿನ ಕಾರ್ಡು ಹೊಂದುವುದಿಲ್ಲ. ಅವರಿಗೆ ಬೇರೆಯದೇ ಕಾರ್ಡೊಂದು 1998ರಿಂದಲೂ ಇದೆ: ಕಿಸಾನ್ ಕ್ರೆಡಿಟ್ ಕಾರ್ಡ್. ಅದರ ಮರುಪಾವತಿ ಗೊತ್ತಾಗುವುದು ಬೆಳೆಯ ಲೆಕ್ಕದಲ್ಲಿ. ಮೂರು ಲಕ್ಷದವರೆಗಿನ ಬೆಳೆ ಸಾಲಕ್ಕೆ ವರ್ಷಕ್ಕೆ ಶೇ 7ರ ಬಡ್ಡಿ. ವಾಯಿದೆಯೊಳಗೆ ಕಟ್ಟಿದವರಿಗೆ ಶೇ 3 ರಿಯಾಯಿತಿ, ಅಂದರೆ ಬೀಳುವುದು ಶೇ 4. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಮೂಲಕ ಪಡೆದರೆ ವಾಯಿದೆಯೊಳಗೆ ಕಟ್ಟುವ ರೈತರ ಪಾಲಿನ ಬಡ್ಡಿಯನ್ನು ರಾಜ್ಯ ಸರ್ಕಾರ ಹೊರುತ್ತದೆ. ಆ ಶೂನ್ಯ ಬಡ್ಡಿಯ ಮಿತಿಯನ್ನು 2023ರ ಬಜೆಟ್ಟಿನಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಲಾಯಿತು.

ಇಲ್ಲೊಂದು ಭೇದವನ್ನು ಗಟ್ಟಿಯಾಗಿ ಹಿಡಿಯಬೇಕು. ಕಿಸಾನ್ ಕಾರ್ಡಿನಲ್ಲಿ ಬಹುಮಾನ ಸಿಗುವುದು ಸಾಲ ತೀರಿಸಿದ್ದಕ್ಕೆ. ಕ್ಯಾಶ್‌ಬ್ಯಾಕ್ ಕಾರ್ಡಿನಲ್ಲಿ ಬಹುಮಾನ ಸಿಗುವುದು ಖರ್ಚು ಮಾಡಿದ್ದಕ್ಕೆ. ಒಂದು ಹಾಸಿಗೆ ಅಳೆದವರನ್ನು ಮೆಚ್ಚುತ್ತದೆ, ಇನ್ನೊಂದು ಕಾಲು ಚಾಚಿದವರನ್ನು. ಎರಡಕ್ಕೂ ಕಾರ್ಡು ಎಂಬ ಹೆಸರೇ ಇದ್ದರೂ ಅವು ಮನುಷ್ಯನಿಗೆ ಕಲಿಸುವ ಅಭ್ಯಾಸ ಮಾತ್ರ ಬೇರೆ ಬೇರೆ.

ಇನ್ನು ಮೂರನೆಯ ಪದ, ಕಾಲು. ಅಂದರೆ ನಮ್ಮ ಖರ್ಚು. ಕ್ಯಾಶ್‌ಬ್ಯಾಕಿನ ಲೆಕ್ಕವನ್ನು ಕಾಗದದ ಮೇಲೆ ಬರೆದೇ ನೋಡಬೇಕು. ನೂರಕ್ಕೆ ಒಂದು ರೂಪಾಯಿ ವಾಪಸ್ ಕೊಡುವ ಕಾರ್ಡು ಇದೆ ಎನ್ನೋಣ. ತಿಂಗಳಿಗೆ ಹತ್ತು ಸಾವಿರ ಖರ್ಚು ಮಾಡಿದರೆ ಬರುವುದು 100 ರೂಪಾಯಿ. ವಾರ್ಷಿಕ ಶುಲ್ಕ 500 ಇದ್ದರೆ ಶೇ 18ರ ಜಿಎಸ್‌ಟಿ ಸೇರಿ 590. ಅದನ್ನು ಸರಿದೂಗಿಸುವುದಕ್ಕೇ 59,000 ರೂಪಾಯಿ ಖರ್ಚು ಮಾಡಬೇಕು. ಶೇ 5 ಎಂದು ದಪ್ಪ ಅಕ್ಷರದಲ್ಲಿ ಕಾಣುವ ಲಾಭ ಸಾಮಾನ್ಯವಾಗಿ ಕೆಲವೇ ಆನ್‌ಲೈನ್ ಅಂಗಡಿಗಳಿಗೆ ಸೀಮಿತ, ಅದಕ್ಕೂ ತಿಂಗಳ ಗರಿಷ್ಠ ಮಿತಿ ಇರುತ್ತದೆ. ಪೆಟ್ರೋಲು, ಮನೆ ಬಾಡಿಗೆ, ವಾಲೆಟ್ಟಿಗೆ ತುಂಬಿದ ಹಣ ಇವನ್ನು ಬಹಳಷ್ಟು ಕಾರ್ಡುಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಯಲಬುರ್ಗಾದ ಒಂದು ಸಂಸಾರದ ಖರ್ಚಿನಲ್ಲಿ ಕಿರಾಣಿ, ಹಾಲು, ಸಂತೆಯ ಕಾಯಿಪಲ್ಲೆ, ಬೈಕಿನ ಪೆಟ್ರೋಲು, ದವಾಖಾನೆಯೇ ಮುಖ್ಯ. ಅದರಲ್ಲಿ ಎಷ್ಟು ಭಾಗ ಆ ದಪ್ಪ ಅಕ್ಷರದ ಶೇಕಡಾವಾರಿಗೆ ಸೇರುತ್ತದೆ ಎಂದು ಒಂದು ತಿಂಗಳ ಚೀಟಿಗಳನ್ನು ಮುಂದಿಟ್ಟುಕೊಂಡು ಕೂಡಿಸಿದರೆ ಸಾಕು, ಅರ್ಧ ತೀರ್ಮಾನ ಆದಂತೆಯೇ. ಸಂತೆಯಲ್ಲಿ ಕಾರ್ಡು ಉಜ್ಜುವ ಯಂತ್ರವೂ ಇರುವುದಿಲ್ಲ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಸೌಲಭ್ಯ 2022ರಲ್ಲಿ ಬಂದ ಮೇಲೆ ಕಿರಾಣಿ ಅಂಗಡಿಯ ಕ್ಯೂಆರ್ ಕೋಡಿನಲ್ಲೂ ಸಾಲದ ಹಣ ಹರಿಯಬಲ್ಲದು. ಅನುಕೂಲ ನಿಜ. ಆದರೆ ಕೈಯಲ್ಲಿದ್ದ ರೊಕ್ಕ ಯಾವುದು, ಉದ್ರಿ ಯಾವುದು ಎಂಬ ಗೆರೆ ಅಳಿಸಿಹೋಗುವುದೂ ಅಲ್ಲೇ.

ಈಗ ಬಡ್ಡಿ. ನಮ್ಮ ಕಡೆ ಸಾಲದ ಮಾತು ಬಂತೆಂದರೆ ಹಿರಿಯರು ಕೇಳುವ ಮೊದಲ ಪ್ರಶ್ನೆ, ‘ನೂರಕ್ಕ ಎಷ್ಟಪಾ?’ ಎಂಬುದು. ‘ಬಡ್ಡಿ ಇಲ್ಲ ಬಿಡಪ್ಪಾ, ಮ್ಯಾಲ ರೊಕ್ಕ ವಾಪಸ್ ಕೊಡ್ತಾರ’ ಎಂದು ಮಗ ಹೇಳಿದರೆ ಆ ಪ್ರಶ್ನೆಯನ್ನು ಬಿಡದೆ ಇನ್ನೊಮ್ಮೆ ಕೇಳಬೇಕು. ಬಿಲ್ಲನ್ನು ಪೂರ್ತಿ ಕಟ್ಟದಿದ್ದಾಗ ಕ್ರೆಡಿಟ್ ಕಾರ್ಡಿನ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ನೂರಕ್ಕೆ ಮೂರರಿಂದ ಮೂರೂಮುಕ್ಕಾಲು ರೂಪಾಯಿ, ಅಂದರೆ ವರ್ಷಕ್ಕೆ ಶೇ 36ರಿಂದ 45. ನೂರಕ್ಕೆ ಎರಡರಂತೆ, ಮೂರರಂತೆ ಕೈಗಡ ತಂದು ಹಣ್ಣಾದ ಮನೆಗಳು ನಮ್ಮ ಊರುಗಳಲ್ಲಿ ಎಷ್ಟೋ ಇವೆ. ಕಾರ್ಡಿನ ದರ ಅದಕ್ಕಿಂತ ಕಡಿಮೆಯದ್ದಲ್ಲ. ಹತ್ತು ಸಾವಿರಕ್ಕೆ ಮೂರೂವರೆಯಂತೆ ಒಂದು ತಿಂಗಳಿಗೆ 350, ಜಿಎಸ್‌ಟಿ 63, ಒಟ್ಟು 413 ರೂಪಾಯಿ. ತಡವಾದರೆ ತಡದ ಶುಲ್ಕ ಬೇರೆ. ನಾಲ್ಕು ತಿಂಗಳು ಕೂಡಿಸಿದ ಕ್ಯಾಶ್‌ಬ್ಯಾಕನ್ನು ಒಂದು ತಿಂಗಳ ಬಾಕಿ ನುಂಗುತ್ತದೆ. ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಎಂದು ಒಂದು ಸಣ್ಣ ಅಂಕಿ ಇರುತ್ತದೆ. ಅದನ್ನಷ್ಟೇ ಕಟ್ಟಿದರೆ ತಡದ ಶುಲ್ಕ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಬಡ್ಡಿ ಶುರುವಾಗುವುದು ಖರೀದಿ ಮಾಡಿದ ದಿನದಿಂದ. ಹೊಸ ಖರೀದಿಗಳಿಗೂ ಬಡ್ಡಿಯಿಲ್ಲದ ಅವಧಿ ಕೈತಪ್ಪುತ್ತದೆ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡು ಹಾಕಿ ನಗದು ತೆಗೆದರಂತೂ ಮೊದಲ ದಿನದಿಂದಲೇ ಬಡ್ಡಿ. ಈ ದರ ವರ್ಷಕ್ಕೆ ಶೇ 30 ಮೀರಬಾರದೆಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಆ ತಡೆ ಈಗ ಇಲ್ಲ; ಕಾಯ್ದುಕೊಳ್ಳಬೇಕಾದವರು ನಾವೇ.

ಹಾಗಾದರೆ ಕಾರ್ಡೇ ಬೇಡವೇ? ನಾಲ್ಕನೆಯ ಪದ ಅದಕ್ಕೆ ಉತ್ತರ ಕೊಡುತ್ತದೆ: ಚಾಚು. ಕಾಲು ಮಡಚಿಕೊಂಡೇ ಬಿದ್ದಿರು ಎಂದು ಗಾದೆ ಹೇಳಲಿಲ್ಲ. ಇದ್ದಷ್ಟನ್ನು ನೆಮ್ಮದಿಯಿಂದ ಬಳಸು ಎಂಬ ಅಪ್ಪಣೆಯೂ ಅದರೊಳಗಿದೆ. ತಿಂಗಳಿಗೊಮ್ಮೆ ತಪ್ಪದೆ ಸಂಬಳ ಬರುವವರು, ಮೈಮೇಲೆ ಬೇರೆ ಬಾಕಿ ಇಲ್ಲದವರು, ಹೇಗೂ ಮಾಡಲೇಬೇಕಾದ ಖರ್ಚನ್ನಷ್ಟೇ ಕಾರ್ಡಿನಲ್ಲಿ ಮಾಡಿ ಪೂರ್ತಿ ಬಿಲ್ಲು ಖಾತೆಯಿಂದ ತಾನೇ ಕಡಿತವಾಗುವಂತೆ ಬರೆದುಕೊಡುವವರು ಧೈರ್ಯವಾಗಿ ಅರ್ಜಿ ಹಾಕಬಹುದು. ವಾರ್ಷಿಕ ಶುಲ್ಕವಿಲ್ಲದ, ಎಲ್ಲ ಖರ್ಚಿಗೂ ಒಂದೇ ದರದ ಕಾರ್ಡು ಅವರಿಗೆ ಲೇಸು. ಸಂಬಳದ ಚೀಟಿ ಇಲ್ಲದವರಿಗೆ ನಿಶ್ಚಿತ ಠೇವಣಿಯ ಮೇಲೆ ಕಾರ್ಡು ಕೊಡುವ ಬ್ಯಾಂಕುಗಳಿವೆ. ಅಲ್ಲಿ ಮಿತಿಯನ್ನು ಗೊತ್ತುಮಾಡುವುದು ನಮ್ಮದೇ ಠೇವಣಿಯಾದ್ದರಿಂದ ಅದು ಗಾದೆಗೆ ಹೆಚ್ಚು ಹತ್ತಿರ. ರಿಸರ್ವ್ ಬ್ಯಾಂಕಿನ ನಿರ್ದೇಶನಗಳ ಪ್ರಕಾರ ಕೇಳದೆ ಯಾರೂ ಕಾರ್ಡು ಕಳಿಸುವಂತಿಲ್ಲ. ಬಾಕಿ ತೀರಿಸಿ ಮುಚ್ಚಿಸಿ ಎಂದು ಕೇಳಿದವರ ಕಾರ್ಡನ್ನು ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ಕೊಡಬೇಕು. ಈ ಹಕ್ಕು ಗೊತ್ತಿದ್ದವರು ಫೋನಿನ ಒತ್ತಾಯಕ್ಕೆ ಮಣಿಯುವುದಿಲ್ಲ.

ಕ್ಯಾಶ್‌ಬ್ಯಾಕ್ ಕಾರ್ಡನ್ನು ನಮ್ಮೂರ ಪತ್ತಿನ ಸಂಘದಿಂದಲೇ ಪಡೆಯಬಹುದೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿರುವ ನಮ್ಮ ಕನ್ನಡ ಕುಟುಂಬಗಳಿಗೆ ಅಲ್ಲಿನ ಕ್ರೆಡಿಟ್ ಯೂನಿಯನ್ ಎಂಬ ಸದಸ್ಯರದೇ ಸಂಘಗಳು ಕ್ರೆಡಿಟ್ ಕಾರ್ಡು ಕೊಡುತ್ತವೆ. ಅಲ್ಲಿ ಕೇಂದ್ರ ಸರ್ಕಾರದ ಸನ್ನದು ಪಡೆದ ಸಂಘಗಳು ವರ್ಷಕ್ಕೆ ಶೇ 18ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ನಮ್ಮಲ್ಲಿ ಇಂಥ ಕಾರ್ಡು ಕೊಡುವ ಅಧಿಕಾರ ಇರುವುದು ಬ್ಯಾಂಕುಗಳಿಗೆ ಮತ್ತು ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಹಣಕಾಸು ಸಂಸ್ಥೆಗಳಿಗೆ ಮಾತ್ರ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಆ ಅಧಿಕಾರವಿಲ್ಲ. ಅಂಥ ಸಂಘದ ಹೆಸರಿನಲ್ಲಿ ಕ್ರೆಡಿಟ್ ಕಾರ್ಡು ಮಾಡಿಸಿಕೊಡುತ್ತೇನೆಂದು ಯಾರಾದರೂ ಬಂದರೆ ಆಧಾರ್ ಪ್ರತಿ, ಓಟಿಪಿ ಕೊಡದೆ ಕಳಿಸಬೇಕು. ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಇದೆ, ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ ಎಂಬುದನ್ನೂ ಮರೆಯಬಾರದು.

ಆದರೂ ಕಾರ್ಡಿಗೆ ಆಗದ ಒಂದು ಕೆಲಸ ಸಂಘಕ್ಕೆ ಆಗುತ್ತದೆ. ಹಾಸಿಗೆಯನ್ನೇ ಉದ್ದ ಮಾಡುವ ಕೆಲಸ. ನಮ್ಮ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿ ತನ್ನ ಮೊದಲ ಹೆಜ್ಜೆಯೆಂದು ನೆನೆಯುವುದು ಅದನ್ನೇ. ಒಬ್ಬೊಬ್ಬರ ಕೈಯಲ್ಲಿ ಸಾಲದಿದ್ದದ್ದು ಹತ್ತಾರು ಜನರ ಷೇರು ಸೇರಿದಾಗ ಸಾಕಾಯಿತು. ಸಾಲ ಕೇಳಿದವನ ಹೊಲ, ಮನೆ, ನಡತೆ ಸಂಘದಲ್ಲಿ ಕೂತವರಿಗೆ ಗೊತ್ತಿತ್ತು. ಎಷ್ಟು ಕೊಟ್ಟರೆ ಅವನು ತೀರಿಸಬಲ್ಲ ಎಂದು ಅವರೇ ಅಳೆದರು. ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾವು ಮೊನ್ನೆ ಮೊನ್ನೆ ಕಂಡಿದ್ದೇವೆ: ಒಂದೇ ಮನೆಗೆ ನಾಲ್ಕೈದು ಕಡೆಯಿಂದ ಕಿರುಸಾಲ, ವಸೂಲಿಯವರ ಕಿರುಕುಳ, ಮನೆಗೆ ಬೀಗ ಹಾಕಿ ಊರು ಬಿಟ್ಟವರು. ಈ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಕಾನೂನು ಕಿರುಕುಳವನ್ನು ತಡೆಯಬಲ್ಲದು. ತೀರಿಸಲಾಗದಷ್ಟು ಸಾಲ ಮಾಡುವುದನ್ನು ತಡೆಯುವುದು ಮನೆಯೊಳಗಿನ ಲೆಕ್ಕ ಮಾತ್ರ.

ಆದ್ದರಿಂದ ಅರ್ಜಿಗೆ ಸಹಿ ಹಾಕುವ ಮುಂಚೆ ಮನೆಯವರೆಲ್ಲ ಒಂದು ಸಂಜೆ ಕೂತು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಬಿಲ್ಲಿನ ದಿನ ಪೂರ್ತಿ ಹಣ ಖಂಡಿತ ಇರುತ್ತದೆಯೇ? ಕ್ಯಾಶ್‌ಬ್ಯಾಕ್ ಇಲ್ಲದಿದ್ದರೂ ಈ ಖರ್ಚು ಮಾಡುತ್ತಿದ್ದೆವೇ? ಒಂದು ತಿಂಗಳು ಸಂಬಳ ನಿಂತರೆ ಕಟ್ಟಲು ಉಳಿತಾಯವಿದೆಯೇ? ಮೂರಕ್ಕೂ ಹೌದು ಎಂದರೆ ಕಾರ್ಡು ತೆಗೆದುಕೊಳ್ಳಿ. ಬರುವ ನೂರಿನ್ನೂರು ರೂಪಾಯಿಯನ್ನು ಸಂತೋಷದಿಂದ ಅನುಭವಿಸಿ. ಒಂದಕ್ಕೆ ಇಲ್ಲ ಎಂದರೂ ಈ ವರ್ಷ ಬೇಡ. ಅಷ್ಟರೊಳಗೆ ತಿಂಗಳಿಗೆ ಐದುನೂರರಂತೆ ಉಳಿಸಿದರೆ ವರ್ಷದ ಕೊನೆಗೆ ಆರು ಸಾವಿರ ಆಗುತ್ತದೆ. ಶೇ 1ರ ಕ್ಯಾಶ್‌ಬ್ಯಾಕಿನಲ್ಲಿ ಅಷ್ಟು ದುಡಿಯಬೇಕೆಂದರೆ ಆರು ಲಕ್ಷ ಖರ್ಚು ಮಾಡಬೇಕು.