ಬಹುಮಾನವೂ ಮರುಕವೂ

ಉಕ್ರೇನ್ ದೇಶದ ರಾಜಧಾನಿಯಾದ ಕೀವ್ ನಗರದಲ್ಲಿ ಪಿಂಚುಕ್ ಕಲಾಕೇಂದ್ರವೆಂಬ ಸಂಸ್ಥೆಯೊಂದುಂಟು. ಮೂವತ್ತೈದು ವರ್ಷ ಮೀರದ ಆ ದೇಶದ ಕಲಾವಿದರಿಗಾಗಿ ಅದು 2008ರಲ್ಲಿ ಒಂದು ಬಹುಮಾನವನ್ನು ಸ್ಥಾಪಿಸಿತು. ಮೊದಲು ಆಯ್ದ ಕೆಲವರ ಕೃತಿಗಳನ್ನು ಪ್ರದರ್ಶನಕ್ಕಿಡುವುದು, ತರುವಾಯ ತೀರ್ಪುಗಾರರು ಅವರಲ್ಲಿ ಉತ್ತಮರನ್ನು ಆರಿಸುವುದು ಅದರ ಕ್ರಮ. 2022ರ ಫೆಬ್ರವರಿ 24ರಂದು ರಷ್ಯದ ಸೇನೆ ಆ ದೇಶದ ಮೇಲೆ ಪೂರ್ಣ ಪ್ರಮಾಣದ ದಾಳಿಗಿಳಿದ ಮೇಲೂ ಈ ಪದ್ಧತಿ ಅಳಿಯಲಿಲ್ಲ. 2025ರಲ್ಲಿ ಯುದ್ಧದ ನಡುವೆಯೇ ಮತ್ತೆ ಪ್ರದರ್ಶನ ನಡೆಯಿತು. 2024ರಲ್ಲಿ ಸೇನೆಯ ಕರೆಗೆ ಒಳಪಡುವ ವಯಸ್ಸನ್ನು ಇಪ್ಪತ್ತೇಳರಿಂದ ಇಪ್ಪತ್ತೈದಕ್ಕೆ ಇಳಿಸಿದ ನಾಡು ಅದು. ಬಹುಮಾನದ ವಯಸ್ಸೂ ಬಂದೂಕಿನ ವಯಸ್ಸೂ ಅಲ್ಲಿ ಬಹುಪಾಲು ಒಂದೇ. ಅಂಥಲ್ಲಿ ತರುಣರ ಚಿತ್ರಗಳನ್ನು ಸಾಲಾಗಿ ನಿಲ್ಲಿಸಿ, ಇದು ಮೇಲು, ಅದು ಅದಕ್ಕಿಂತ ಕಡಮೆ ಎಂದು ಎಣಿಸುವುದು ಧರ್ಮವೇ? ಈ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಿಸಬಯಸುತ್ತೇವೆ.

ಮನೆಗೆ ಬೆಂಕಿ ಬಿದ್ದಾಗ ಗೋಡೆಯ ಚಿತ್ತಾರದ ಚಿಂತೆಯೇಕೆ ಎಂಬುದು ಮೊದಲನೆಯ ಆಕ್ಷೇಪಣೆ. ಇದಕ್ಕೆ ಉತ್ತರವನ್ನು ಆ ದೇಶದ ಹಳ್ಳಿಗರೇ ಕೊಟ್ಟಿದ್ದಾರೆ. ದಾಳಿಯ ಮೊದಲ ದಿನಗಳಲ್ಲಿಯೇ ಕೀವ್ ಪ್ರಾಂತದ ಇವಾಂಕಿವ್ ಎಂಬ ಊರಿನ ವಸ್ತುಸಂಗ್ರಹಾಲಯ ಹೊತ್ತಿ ಉರಿಯಿತು. ಮರಿಯಾ ಪ್ರಿಮಾಚೆಂಕೊ ಎಂಬ ಜಾನಪದ ಚಿತ್ರಗಾರ್ತಿ ಬರೆದ ಹೂಗಳೂ ವಿಚಿತ್ರ ಮೃಗಗಳೂ ಅಲ್ಲಿದ್ದವು. ಊರವರು ಉರಿಯುವ ಕಟ್ಟಡದೊಳಕ್ಕೆ ನುಗ್ಗಿ ಅವುಗಳಲ್ಲಿ ಕೆಲವನ್ನು ಹೊರಕ್ಕೆ ತಂದರು. ಪ್ರಾಣಭಯದ ಗಳಿಗೆಯಲ್ಲಿ ಜನ ಯಾವುದಕ್ಕೆ ಕೈ ಚಾಚುವರೋ ಅದನ್ನು ಭೋಗವಸ್ತುವೆಂದು ಕರೆಯುವುದು ಹೇಗೆ? ಆದುದರಿಂದ ಪ್ರದರ್ಶನದ ಔಚಿತ್ಯವನ್ನು ಕುರಿತು ನಮಗೆ ಸಂದೇಹವಿಲ್ಲ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಬಿಗಿಯಾದುದು. ಪ್ರದರ್ಶನ ಇರಲಿ, ತೀರ್ಪು ಏಕೆ? ಒಬ್ಬನು ಅಣ್ಣನನ್ನು ಕಳೆದುಕೊಂಡಿರಬಹುದು. ಇನ್ನೊಬ್ಬಳು ಊರನ್ನೇ ಕಳೆದುಕೊಂಡಿರಬಹುದು. ಇವರ ಕೃತಿಗಳನ್ನು ತೂಗುವುದೆಂದರೆ ಇವರ ಸಂಕಟಗಳನ್ನು ತಕ್ಕಡಿಗೆ ಹಾಕಿದಂತಲ್ಲವೇ? ಎಲ್ಲರನ್ನೂ ಸಮಾನವಾಗಿ ಕೊಂಡಾಡುವುದೇ ಮನುಷ್ಯತ್ವವಲ್ಲವೇ? ಕೇಳುವುದಕ್ಕೆ ಈ ಮಾತು ಹಿತವಾಗಿದೆ. ಆದರೆ ಇದರೊಳಗೆ ಒಂದು ಅನ್ಯಾಯ ಅಡಗಿದೆ ಎಂದು ನಮಗೆ ತೋರುತ್ತದೆ.

ಆ ಅನ್ಯಾಯವನ್ನು ಕಾಣಲು ಕೀವ್ ತನಕ ಹೋಗಬೇಕಾಗಿಲ್ಲ. ಮಡಕಶಿರದ ಕಡೆಯವರೆಲ್ಲ ಬಲ್ಲ ಲೇಪಾಕ್ಷಿ ಸಾಕು. ಹದಿನಾರನೆಯ ಶತಮಾನದಲ್ಲಿ, ಅಚ್ಯುತದೇವರಾಯನ ಆಳಿಕೆಯಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಎಂಬ ಸೋದರರು ಅಲ್ಲಿ ವೀರಭದ್ರ ದೇವಾಲಯವನ್ನು ಕಟ್ಟಿಸಿದರು. ರಾಜನ ಬೊಕ್ಕಸವನ್ನು ಗುಡಿಗೆ ಸುರಿದನೆಂಬ ಆರೋಪ ಬಂದಾಗ ವಿರೂಪಣ್ಣ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನೆಂದು ಐತಿಹ್ಯ. ಗೋಡೆಯ ಮೇಲಿನ ಕೆಂಪು ಕಲೆಗಳನ್ನು ಇಂದಿಗೂ ತೋರಿಸುತ್ತಾರೆ. ನೋಡಲು ಬಂದವರು ಆ ಕಲೆಗಳ ಮುಂದೆ ಅಯ್ಯೋ ಎನ್ನುತ್ತಾರೆ. ಅನೇಕರು ಅಷ್ಟಕ್ಕೇ ಹಿಂದಿರುಗುತ್ತಾರೆ. ತಲೆಯೆತ್ತಿದರೆ ಛಾವಣಿಯಲ್ಲಿ ಕಿರಾತಾರ್ಜುನರ ಕಥೆಯಿದೆ, ಪಾರ್ವತಿಯ ಕಲ್ಯಾಣವಿದೆ, ಕರುವಿಗಾಗಿ ಮಗನನ್ನೇ ದಂಡಿಸಿದ ಅರಸನ ನ್ಯಾಯವಿದೆ. ಕೆಂಪು ನೆಲದ ಮೇಲೆ ಕಪ್ಪು ಗೆರೆ ನಡುಗದೆ ಹರಿದಿದೆ. ಆ ಗೆರೆಯನ್ನು ಎಳೆದವರ ಹೆಸರು ಯಾರ ಬಾಯಲ್ಲಿಯೂ ಇಲ್ಲ. ಸಂಕಟದ ಕಥೆ ಗೋಡೆಯ ಮೇಲೆ ನಿಂತು ಕಲೆಯನ್ನು ಮರೆಮಾಡಿತು. ಕಣ್ಣು ಕಳೆದುಕೊಂಡವನಿಗಾಗಿ ಮರುಗುವ ನಾವು ನಮ್ಮ ಕಣ್ಣನ್ನು ಬಳಸುವುದನ್ನು ಮರೆತೆವು.

ಮರುಕದ ಈ ಸ್ವಭಾವವನ್ನು ನಾವು, ಗಡಿಯ ಕನ್ನಡಿಗರು, ಚೆನ್ನಾಗಿ ಬಲ್ಲೆವು. ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದ ರಾಯದುರ್ಗ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿ ಅನಂತಪುರ ಜಿಲ್ಲೆಯದಾಯಿತು. ಬಹುಕಾಲ ಅದೇ ಜಿಲ್ಲೆಯಲ್ಲಿದ್ದ ಮಡಕಶಿರ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ನಮ್ಮ ಕಷ್ಟವನ್ನು ಬಾಂಬು ಬೀಳುವ ಊರಿನ ಕಷ್ಟಕ್ಕೆ ಹೋಲಿಸುವುದು ಅವಿವೇಕ. ಹೋಲಿಕೆ ಇರುವುದು ಮರುಕದಲ್ಲಿ ಮಾತ್ರ. ಇಲ್ಲಿಯ ತರುಣನೊಬ್ಬ ಕವಿತೆ ಬರೆದರೆ, “ಗಡಿನಾಡಿನಲ್ಲಿದ್ದೂ ಕನ್ನಡದಲ್ಲಿ ಬರೆಯುತ್ತಾನಲ್ಲ!” ಎಂದು ಶಾಲು ಹೊದಿಸುವವರುಂಟು. ಕವಿತೆಯ ಎರಡನೆಯ ಪಾದದಲ್ಲಿ ಲಯ ಕೆಟ್ಟಿದೆ ಎಂದು ಹೇಳುವವರು ವಿರಳ. ಶಾಲು ಮೈಯನ್ನು ಬೆಚ್ಚಗಿಡುತ್ತದೆ, ಲಯವನ್ನು ತಿದ್ದುವುದಿಲ್ಲ. ಹೀಗೆ ಹೊಗಳಿಸಿಕೊಂಡವನು ಕವಿಯಾಗಿ ಸನ್ಮಾನಿತನಲ್ಲ, ಗಡಿಯ ಗುರುತಾಗಿ ಸನ್ಮಾನಿತನು. ಯುದ್ಧದ ನಾಡಿನ ಕಲಾವಿದನನ್ನು ಗಾಯದ ಗುರುತಾಗಿ ಮಾತ್ರ ಕಾಣುವುದೂ ಇದೇ ಬಗೆಯ ಅವಮಾನ.

“ನೆಮ್ಮದಿಯ ಕೋಣೆಯಲ್ಲಿ ಕುಳಿತು ಬರೆದವನಿಗೂ ನೆಲಮಾಳಿಗೆಯಲ್ಲಿ ದೀಪವಿಲ್ಲದೆ ಬರೆದವನಿಗೂ ಒಂದೇ ಅಳತೆಯೇ?” ಎಂದು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ನಮ್ಮ ಉತ್ತರವಿಷ್ಟು: ನೆರವು ಸಲ್ಲಬೇಕಾದುದು ಕೃತಿ ಹುಟ್ಟುವುದಕ್ಕೆ ಮುಂಚೆ, ತೀರ್ಪು ಸಲ್ಲಬೇಕಾದುದು ಕೃತಿ ಹುಟ್ಟಿದ ಮೇಲೆ. ದೀಪವಿಲ್ಲದವನಿಗೆ ದೀಪ ಕೊಡಿರಿ, ಬಣ್ಣ ಕೊಡಿರಿ, ಗಡುವನ್ನು ಮುಂದಕ್ಕೆ ಹಾಕಿರಿ, ಸೇನೆಯಲ್ಲಿರುವವನ ಕೃತಿಯನ್ನು ನೀವೇ ಹೋಗಿ ತನ್ನಿರಿ. ಇದೆಲ್ಲ ಅವನ ಹಕ್ಕು. ಇದನ್ನು ಮಾಡದೆ, ಕೊನೆಯಲ್ಲಿ ತೀರ್ಪನ್ನು ಸಡಿಲಿಸಿ ಋಣ ತೀರಿತೆನ್ನುವುದು ಅಗ್ಗದ ಔದಾರ್ಯ.

ತೀರ್ಪು ಕಟ್ಟುನಿಟ್ಟಾಗಿರಬೇಕೆಂದರೆ ಕುರುಡಾಗಿರಬೇಕೆಂದಲ್ಲ. ದೊಡ್ಡ ಹಲಗೆ, ದುಬಾರಿ ಬಣ್ಣ, ನಯವಾದ ಮುಗಿತಾಯಗಳೇ ಕಲೆಯ ಅಳತೆಯಲ್ಲ. ಹರಕು ಕಾಗದದ ಮೇಲಿನ ನಾಲ್ಕು ಗೆರೆ ಅವನ್ನೆಲ್ಲ ಮೀರಿಸೀತು. ಹಾಗೆಯೇ ಯುದ್ಧವನ್ನು ಬರೆದವನಿಗೆ ಒಂದು ಅಂಕ ಹೆಚ್ಚು, ಹೂವನ್ನು ಬರೆದವನಿಗೆ ಒಂದು ಅಂಕ ಕಡಮೆ ಎಂಬುದೂ ಸಲ್ಲದು. ಆಕ್ರಮಿಸಿದವನು ನೆಲವನ್ನು ಕಿತ್ತುಕೊಂಡಿರಬಹುದು. ಯಾವುದನ್ನು ಚಿತ್ರಿಸಬೇಕೆಂದು ಆಜ್ಞಾಪಿಸುವ ಅಧಿಕಾರವನ್ನೂ ನಾವೇ ಅವನ ಕೈಗೆ ಕೊಡಬೇಕೆ?

ನಮ್ಮ ಭಾಷೆಯಲ್ಲಿ ಬಹುಮಾನವೆಂಬ ಮಾತು ಅರ್ಥವತ್ತಾಗಿದೆ. ಮಾನವೆಂದರೆ ಗೌರವ; ಮಾನವೆಂದರೆ ಅಳತೆಯೂ ಹೌದು. ಅಳೆಯದೆ ಕೊಟ್ಟದ್ದು ದಾನವಾದೀತು, ಬಹುಮಾನವಾಗಲಾರದು. ಒಳ್ಳೆಯದನ್ನು ಒಳ್ಳೆಯದೆಂದೂ ಕೊರತೆಯನ್ನು ಕೊರತೆಯೆಂದೂ ಹೇಳುವ ವಿವೇಕ ಒಂದು ಜನಾಂಗ ಕಾಪಾಡಿಕೊಳ್ಳಬೇಕಾದ ಸೊತ್ತುಗಳಲ್ಲೊಂದು. ಕಷ್ಟಕಾಲದಲ್ಲಿ ಅದನ್ನು ಬಿಟ್ಟುಕೊಟ್ಟರೆ ಉಳಿಸಿಕೊಂಡುದರಲ್ಲಿ ಅಷ್ಟು ಕಡಮೆಯಾದಂತೆಯೇ. ಕೀವ್ ನಗರದ ತೀರ್ಪುಗಾರರಿಗೆ ನಾವು ಹೇಳಬೇಕಾದುದೇನೂ ಇಲ್ಲ. ನಮ್ಮ ಸಂಘದ ಮುಂದಿನ ಸ್ಪರ್ಧೆಯಲ್ಲಿ ನಮ್ಮ ಮಕ್ಕಳ ಬರೆಹಗಳನ್ನು ಕೈಗೆತ್ತಿಕೊಳ್ಳುವವರು ಮಾತ್ರ ಶಾಲನ್ನು ಪಕ್ಕಕ್ಕಿಟ್ಟು, ಮೊದಲು ಆ ಬರೆಹವನ್ನು ಕೊನೆಯವರೆಗೆ ಓದಲಿ.