ಇಂಜಿನ್ ಅವರದು, ದಾರಿ ಇವರದು

ಕುಮಟಾ ನಿಲ್ದಾಣದಲ್ಲಿ ಕ್ರಾಸಿಂಗಿಗೆಂದು ಲೂಪ್ ಲೈನಿಗೆ ಸರಿದು ನಿಂತ ಗಾಡಿಯ ಇಂಜಿನ್ನನ್ನು ಹತ್ತಿರದಿಂದ ನೋಡಿ. ಮೈಮೇಲೆ ಯಾವುದೋ ದೂರದ ಊರಿನ ಹೆಸರಿರುತ್ತದೆ. ಡೀಸೆಲ್ ಕಾಲದಲ್ಲಿ ಎರ್ನಾಕುಲಂ, ಕೃಷ್ಣರಾಜಪುರಂ; 2022ರಲ್ಲಿ ಈ ಮಾರ್ಗವಿಡೀ ವಿದ್ಯುತ್ ತಂತಿ ಬಂದ ಮೇಲೆ ಕಲ್ಯಾಣ, ಈರೋಡ್. ಅದು ಗಾಡಿ ಹೋಗುವ ಊರಲ್ಲ, ಇಂಜಿನ್ನಿನ ತವರು. ಅದನ್ನು ಸಾಕುವ ಲೋಕೋ ಶೆಡ್ಡು ಇರುವುದು ಅಲ್ಲಿ.

ಕೊಂಕಣ ರೈಲ್ವೆ 1990ರಲ್ಲಿ ಹುಟ್ಟಿದ ಬೇರೆಯೇ ನಿಗಮ. ಕೇಂದ್ರದ ಜೊತೆ ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳ ಪಾಲು ಅದರಲ್ಲಿದೆ. ಹಳಿ ಅದರದು, ನಿಲ್ದಾಣ ಅದರದು. ಎಳೆಯುವ ಇಂಜಿನ್ ಮಾತ್ರ ಬಹುಪಾಲು ನೆರೆಯ ವಲಯಗಳದು. ಇದನ್ನು ಬಡತನ ಎನ್ನುವವರಿದ್ದಾರೆ. ನನಗೆ ಇದು ಜಾಣತನವಾಗಿಯೇ ಕಾಣುತ್ತದೆ.

ರೋಹಾದಲ್ಲೋ ತೋಕೂರಿನಲ್ಲೋ ಗಡಿ ಬಂತೆಂದು ಇಂಜಿನ್ ಬದಲಿಸಲು ಹೊರಟರೆ ಕೊಂಡಿ ಕಳಚಬೇಕು, ಹೊಸ ಇಂಜಿನ್ ಕಟ್ಟಬೇಕು, ಬ್ರೇಕ್ ಪೈಪಿಗೆ ಮತ್ತೆ ಗಾಳಿ ತುಂಬಿ ಕೊನೆಯ ವ್ಯಾಗನ್ನಿನವರೆಗೂ ಹಿಡಿಯುತ್ತದೆಯೇ ಎಂದು ನೋಡಬೇಕು. ಇಲ್ಲಿ ಬಹುತೇಕ ಒಂಟಿ ಹಳಿ. ಅಲ್ಲೊಂದು ಗಾಡಿ ತಡವಾದರೆ ಭಟ್ಕಳದಲ್ಲಿ ಎದುರಿನ ಗಾಡಿ ಕೂರುತ್ತದೆ, ಅದರ ದೆಸೆಯಿಂದ ಹೊನ್ನಾವರದಲ್ಲಿ ಇನ್ನೊಂದು. ಸಾಲದ್ದಕ್ಕೆ ಗಡಿಯ ಎರಡೂ ಕಡೆ ಇಂಜಿನ್‌ಗಳು ಕೆಲಸವಿಲ್ಲದೆ ಕಾದು ನಿಂತಿರಬೇಕು.

ಅಮೆರಿಕದ ಯೂನಿಯನ್ ಪೆಸಿಫಿಕ್, ಸಿಎಸ್‌ಎಕ್ಸ್‌ನಂಥ ಖಾಸಗಿ ಕಂಪನಿಗಳೂ ತಮ್ಮ ಇಂಜಿನ್ನನ್ನು ಇನ್ನೊಬ್ಬರ ಹಳಿಗೆ ಹಾಗೇ ಬಿಡುತ್ತವೆ. ಲೆಕ್ಕ ಮಾತ್ರ ಬಿಡುವುದಿಲ್ಲ. 4,000 ಅಶ್ವಶಕ್ತಿಯ ಇಂಜಿನ್ ಪರರ ಹಳಿಯಲ್ಲಿ 10 ತಾಸು ಇದ್ದರೆ 40,000 ಅಶ್ವಶಕ್ತಿ-ತಾಸಿನ ಸಾಲ. ತೀರಿಸುವುದು ಸಾಮಾನ್ಯವಾಗಿ ಇಂಜಿನ್ನಿನಿಂದಲೇ: ಅಷ್ಟೇ ಶಕ್ತಿ, ಅಷ್ಟೇ ಹೊತ್ತು, ಇಂಜಿನ್ ಕೊಟ್ಟವರ ಹಳಿಯ ಮೇಲೆ.

ನಮ್ಮ ಕಡೆ ಮದುವೆಗೆ ಹಂಡೆ, ಕಡಾಯಿ ಎರವಲು ಕೊಡುವ ಮನೆಗಳವರು ಅಂಚಿನಲ್ಲಿ ಹೆಸರು ಕೊರೆಸಿಡುತ್ತಿದ್ದರು. ಅದು ಜಿಪುಣತನವಲ್ಲ, ಹೆಸರಿತ್ತೆಂದೇ ಧೈರ್ಯವಾಗಿ ಕೊಡುತ್ತಿದ್ದರು. ಹಂಚಿಕೊಳ್ಳಬೇಕಾದರೆ ನನ್ನದು ನಿನ್ನದು ಅಳಿಯಬೇಕೆಂಬ ಆದರ್ಶದ ಮಾತು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಇಂಜಿನ್ ಎಲ್ಲೇ ತಿರುಗಲಿ, ತಪಾಸಣೆಯ ಗಡುವು ಬಂದಾಗ ತನ್ನ ಶೆಡ್ಡಿಗೆ ಮರಳಬೇಕು. ಎಲ್ಲರದೂ ಆಗಿದ್ದರೆ ಅದರ ಎಣ್ಣೆ ನೋಡುವವರು ಯಾರು? ಕೊಡು-ಕೊಳ್ಳುವಿಕೆಯ ಹಿಂದೆ ದೊಡ್ಡ ಮನಸ್ಸೂ ಇಲ್ಲ. ಇರುವುದು 1,676 ಮಿಲಿಮೀಟರಿನ ಹಳಿ ಅಂತರ, 25,000 ವೋಲ್ಟಿನ ತಂತಿ, ಒಂದಕ್ಕೊಂದು ಕೂಡುವ ಕೊಂಡಿ.

ಇಂಜಿನ್ ದಾಟಿದಷ್ಟು ಸಲೀಸಾಗಿ ಮನುಷ್ಯ ಗಡಿ ದಾಟಲಾರ. ಹೊಸ ಮಾರ್ಗದಲ್ಲಿ ಗಾಡಿ ಓಡಿಸುವ ಮೊದಲು ಲೋಕೋ ಪೈಲಟ್ ‘ರೋಡ್ ಲರ್ನಿಂಗ್’ ಮಾಡಬೇಕು. ಹಗಲೂ ರಾತ್ರಿಯೂ ಬಲ್ಲವರ ಪಕ್ಕ ನಿಂತು ಯಾವ ತಿರುವಿನಾಚೆ ಸಿಗ್ನಲ್, ಎಲ್ಲಿ ಇಳಿಜಾರು, ಸುರಂಗದಿಂದ ಹೊರಬಿದ್ದೊಡನೆ ಏನು ಎಂದು ಮನದಟ್ಟು ಮಾಡಿಕೊಂಡು, ದಾರಿ ಗೊತ್ತು ಎಂದು ಸಹಿ ಹಾಕಬೇಕು. ಈ ಕರಾವಳಿಯಲ್ಲಂತೂ ಮಳೆಗಾಲಕ್ಕೆ ವೇಳಾಪಟ್ಟಿಯೇ ಬೇರೆ. ಜಡಿಮಳೆಗೆ ಎದುರು ಕಾಣದಿದ್ದರೆ ವೇಗ 40 ಕಿ.ಮೀ.ಗೆ ಇಳಿಯಬೇಕು, ಗುಡ್ಡ ಕಡಿದ ಜಾಗಗಳಲ್ಲಿ ಹಗಲಿರುಳು ಗಸ್ತು.

(ಲಾರಿಗಳನ್ನೇ ಹೊತ್ತೊಯ್ಯುವ ರೋರೋ ಗಾಡಿಯದು ಈ ಇಂಜಿನ್ ಎರವಲಿನ ತಮಾಷೆಯ ತುದಿ. ಸುರತ್ಕಲ್‌ನಲ್ಲಿ ಚಪ್ಪಟೆ ವ್ಯಾಗನ್ ಹತ್ತಿದ ಲಾರಿ ತನ್ನ ಇಂಜಿನ್ ಆರಿಸಿಕೊಂಡು ಕೋಲಾಡದವರೆಗೂ ಇನ್ನೊಂದರ ಬಲದಲ್ಲಿ ಹೋಗುತ್ತದೆ; ಡ್ರೈವರ್ ಕ್ಯಾಬಿನ್ನಿನಲ್ಲಿ ಕಾಲು ಚಾಚಿರುತ್ತಾನೆ.)

ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸುವ ಮಾತು ನಡೆದಿದೆ. ಜೋಡಿ ಹಳಿಗೆ ದುಡ್ಡು ಬೇಕು, ಆಗಲಿ. ಇಂಜಿನ್‌ಗಳ ಮಟ್ಟಿಗೆ ಹೊಸದೇನೂ ಆಗುವುದಿಲ್ಲ, ಅವು ಈಗಲೇ ಬಂದು ಹೋಗುತ್ತಿವೆ. ಆದರೆ ಭಟ್ಕಳ, ಕುಮಟೆಗಳ ನಡುವೆ ಮೊದಲ ಮಳೆಗೇ ಯಾವ ಗುಡ್ಡ ಒಸರುತ್ತದೆಂದು ಬಲ್ಲ ಗ್ಯಾಂಗಿನವರನ್ನು, ಈ ದಾರಿಗೆ ಸಹಿ ಹಾಕಿದ ಪೈಲಟ್‌ಗಳನ್ನು ದೂರದ ಕಚೇರಿಯ ವರ್ಗಾವಣೆ ಪಟ್ಟಿ ಎಲ್ಲಿಗೆ ಕಳಿಸುತ್ತದೆ? ವಿಲೀನದ ಕಾಗದಪತ್ರದಲ್ಲಿ ನಾನು ಮೊದಲು ಹುಡುಕುವುದು ಅದಕ್ಕೆ ಉತ್ತರವನ್ನು.